ಹಾಸನ ಒಮ್ಮೆ ನಕ್ಷತ್ರಕ್ಕೆ ಒತ್ತಿತ್ತು

(ಹಾಸನದಲ್ಲಿ ಕಾಲೇಜು ವಿದ್ಯಾರ್ಥಿಗಳು, ಕಾಫಿ ಬೆಳೆಗಾರರು ಸೇರಿದ್ದ ಒಂದು ಸಂಜೆ ಆಡಿದ ಮಾತು. ಟಿಪ್ಪಣಿ ಮತ್ತು ರೆಕಾರ್ಡಿಂಗ್ ಇಟ್ಟುಕೊಂಡು ಬರಹಕ್ಕೆ ಇಳಿಸಿದ್ದು.)

ಇಲ್ಲಿರುವ ಹುಡುಗರಿಗೆ ಇದು ಗೊತ್ತಿರಲಿಕ್ಕಿಲ್ಲ. 1967ರ ಚುನಾವಣೆಯಲ್ಲಿ ಇದೇ ಹಾಸನ, ಲೋಕಸಭೆಗೆ ಸ್ವತಂತ್ರ ಪಕ್ಷದ ಅಭ್ಯರ್ಥಿಯನ್ನು ಗೆಲ್ಲಿಸಿ ಕಳಿಸಿತ್ತು. ನುಗ್ಗೇಹಳ್ಳಿ ಶಿವಪ್ಪ ಅಂತ. ಸ್ವತಂತ್ರ ಅಂದ ಕೂಡಲೇ ಪಕ್ಷೇತರ ಅಂದುಕೊಳ್ಳಬೇಡಿ. ಪಕ್ಷದ ಹೆಸರೇ ಸ್ವತಂತ್ರ, ಗುರುತು ನಕ್ಷತ್ರ. 1959ರಲ್ಲಿ ರಾಜಾಜಿ, ಮಿನೂ ಮಸಾನಿ, ಎನ್.ಜಿ. ರಂಗಾ ಸೇರಿ ಕಟ್ಟಿದ್ದು. ಸರ್ಕಾರ ಬೆಳೆಗಾರನ, ವ್ಯಾಪಾರಿಯ ಕೈ ಕಟ್ಟಬಾರದು, ಲೈಸೆನ್ಸ್-ಪರ್ಮಿಟ್-ಕೋಟಾ ರಾಜ್ಯ ಹೋಗಬೇಕು ಅನ್ನುವುದು ಅವರ ಪಟ್ಟು. 67ರಲ್ಲಿ ದೇಶದಾದ್ಯಂತ 44 ಸೀಟು ಗೆದ್ದರು. ಲೋಕಸಭೆಯಲ್ಲಿ ವಿರೋಧ ಪಕ್ಷಗಳಲ್ಲೇ ದೊಡ್ಡದು ಅದು. ನಾಲ್ಕೇ ವರ್ಷಕ್ಕೆ, 1971ರಲ್ಲಿ, 8 ಸೀಟಿಗೆ ಇಳಿದರು. ನಮ್ಮ ರಾಜ್ಯದಲ್ಲಿ ಆ ಸಲ 27ಕ್ಕೆ 27 ಸೀಟೂ ಇಂದಿರಾ ಗಾಂಧಿಯವರ ಕಾಂಗ್ರೆಸ್ಸಿಗೆ. 1974ರಲ್ಲಿ ಸ್ವತಂತ್ರ ಪಕ್ಷ ಭಾರತೀಯ ಲೋಕದಳದೊಳಗೆ ಕರಗಿಹೋಯಿತು.

ಅಲ್ಲಿಂದ ಈಚೆಗೆ ಆ ಮಾತನ್ನು ಅಷ್ಟು ಗಟ್ಟಿಯಾಗಿ ಹೇಳುವ ದೊಡ್ಡ ಪಕ್ಷ ನಮ್ಮಲ್ಲಿ ಹುಟ್ಟಿಲ್ಲ. ನಮ್ಮಲ್ಲಿ ಅಷ್ಟೇ ಅಲ್ಲ, ಅಮೆರಿಕದಲ್ಲೂ ಅದೇ ಕಥೆ. ಸ್ವಾತಂತ್ರ್ಯ ಅಂದರೆ ಪ್ರಾಣ ಬಿಡುವ ದೇಶ ಅದು ಅಂತೀವಿ. ಅಲ್ಲಿ ಲಿಬರ್ಟೇರಿಯನ್ ಪಕ್ಷ ಹುಟ್ಟಿದ್ದು 1971ರಲ್ಲಿ, ಅಂದರೆ ನಮ್ಮ ನಕ್ಷತ್ರ ಮುಳುಗಿದ ವರ್ಷವೇ. ಐವತ್ತು ವರ್ಷ ದಾಟಿತು. ಅಧ್ಯಕ್ಷ ಚುನಾವಣೆಯಲ್ಲಿ ಅವರ ಅತ್ಯುತ್ತಮ ಸಾಧನೆ 2016ರದ್ದು, ಗ್ಯಾರಿ ಜಾನ್ಸನ್ ನಿಂತಾಗ. ಎಷ್ಟು? ನೂರಕ್ಕೆ ಮೂರು ಚಿಲ್ಲರೆ. 2024ರಲ್ಲಿ ನೂರಕ್ಕೆ ಅರ್ಧವೂ ಇಲ್ಲ. ಯಾಕೆ ಹೀಗೆ?

ಮೊದಲ ಎಡವಟ್ಟು ಪದದಲ್ಲೇ ಇದೆ. ಲಿಬರ್ಟೇರಿಯನ್ ಅನ್ನುವುದನ್ನು ಕನ್ನಡಕ್ಕೆ ತರಲು ಹೊರಟ ಕೆಲವರು ಸ್ವೇಚ್ಛಾವಾದ ಅಂದುಬಿಟ್ಟರು. ಪಾಪ, ಕಥೆ ಅಲ್ಲಿಗೇ ಮುಗಿಯಿತು. ನಮ್ಮ ಮನೆಗಳಲ್ಲಿ ಸ್ವೇಚ್ಛೆ ಅನ್ನುವ ಮಾತು ಬರುವುದು ಯಾವಾಗ? ಮಗ ರಾತ್ರಿ ಹನ್ನೊಂದಕ್ಕೆ ಬೈಕ್ ನಿಲ್ಲಿಸಿ ಮೆಲ್ಲಗೆ ಬಾಗಿಲು ತಳ್ಳಿದಾಗ. ಬೈಗುಳವನ್ನೇ ಪಕ್ಷಕ್ಕೆ ಹೆಸರಿಟ್ಟರೆ ಮತ ಯಾರು ಹಾಕುತ್ತಾರೆ? ಹಾಗಾಗಿ ನಾನು ಲಿಬರ್ಟೇರಿಯನ್ ಅಂತಲೇ ಹೇಳುತ್ತೇನೆ. ಅವರ ವಾದ ಬಹಳ ಸರಳ. ನಿನ್ನ ದುಡಿಮೆ ನಿನ್ನದು, ನಿನ್ನ ಆಸ್ತಿ ನಿನ್ನದು. ಇನ್ನೊಬ್ಬರಿಗೆ ಹೊಡೆಯದೆ, ಮೋಸ ಮಾಡದೆ ಏನು ಬೇಕಾದರೂ ಮಾಡು. ಸರ್ಕಾರ ಪೊಲೀಸು, ಕೋರ್ಟು, ಗಡಿ ನೋಡಿಕೊಂಡರೆ ಸಾಕು.

ನಾನು ಈ ಮಾತಿಗೆ ಹೊರಗಿನವನಲ್ಲ, ಮೊದಲೇ ಹೇಳಿಬಿಡುತ್ತೇನೆ. ಸಕಲೇಶಪುರದ ಕಡೆ ಹತ್ತು ಎಕರೆ ಕಾಫಿ ಇರುವ ಮನೆಯವನು. ಪೂಲ್ ಕಾಲ ಕಂಡವನು. ಹಿರಿಯರಿಗೆ ಪೂಲ್ ಅಂದರೆ ಸಾಕು, ಹುಡುಗರಿಗೆ ಬಿಡಿಸಿ ಹೇಳಬೇಕು. 1942ರ ಕಾಫಿ ಕಾಯ್ದೆ ಅಂತ ಒಂದಿತ್ತು. ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಕೊಡಬೇಕು. ಮನೆ ಖರ್ಚಿಗೆ, ಬೀಜಕ್ಕೆ ಒಂದಿಷ್ಟು ಇಟ್ಟುಕೊಳ್ಳಬಹುದು, ಅಷ್ಟೇ. ಮಾರುವುದು ಬೋರ್ಡು, ಬೆಲೆ ಬೋರ್ಡಿನದು. ನಮ್ಮ ಗಿಡ, ನಮ್ಮ ಗೊಬ್ಬರ, ನಮ್ಮ ಕಣ. ಆದರೆ ಒಂದು ಮೂಟೆ ನಾವೇ ಮಾರಿದರೆ ಅಪರಾಧ! ದುಡ್ಡು ಬರುತ್ತಿದ್ದದ್ದು ಕಂತು ಕಂತಾಗಿ. ಹಳೆ ಬೆಳೆಯ ಕೊನೆ ಕಂತಿಗೆ ಕಾಯುತ್ತಾ ಕೂತಿರುವಾಗ ಹೊಸ ಬೆಳೆ ಕಣದಲ್ಲಿ ಒಣಗುತ್ತಿರುತ್ತಿತ್ತು. ನಮ್ಮಪ್ಪ ಒಂದು ಮಾತು ಹೇಳುತ್ತಿದ್ದರು. "ಕಳ್ಳರು ತೋಟಕ್ಕೆ ಬಂದರೆ ಬಂದೂಕು ಹಿಡೀಬಹುದು, ಬೋರ್ಡು ಬಂದರೆ ಕೈ ಮುಗೀಬೇಕು."

1992ರಿಂದ ಹಂತ ಹಂತವಾಗಿ ಬಿಟ್ಟರು. 1996ರ ಹೊತ್ತಿಗೆ ಪೂಲ್ ಪೂರ್ತಿ ಹೋಯಿತು. ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ ಬಿದ್ದು ಅಲ್ಲಿಯ ಬೆಳೆ ಸುಟ್ಟುಹೋಗಿ, ಇಲ್ಲಿ ಬೆಲೆ ಮೇಲೆ ಮೇಲೆ ಹೋಯಿತು. ಆ ವರ್ಷಗಳಲ್ಲಿ ಮಲೆನಾಡಿನ ಎಷ್ಟು ಮನೆಗಳಿಗೆ ಹೊಸ ಹೆಂಚು, ಹೊಸ ಜೀಪು ಬಂತು ನೆನಪು ಮಾಡಿಕೊಳ್ಳಿ. ಲಿಬರ್ಟೇರಿಯನ್ ಪಕ್ಷ ಕಟ್ಟಬೇಕು ಅಂದರೆ ಇದಕ್ಕಿಂತ ಒಳ್ಳೆ ಹೊತ್ತು, ಇದಕ್ಕಿಂತ ಒಳ್ಳೆ ಜಾಗ ಸಿಗುತ್ತಿತ್ತಾ? ಸರ್ಕಾರ ಪಕ್ಕಕ್ಕೆ ಸರಿಯಿತು, ಲಾಭ ಬಂತು. ಕಣ್ಣಾರೆ ಕಂಡ ಸಾಕ್ಷಿ.

ಆದರೆ ಕಥೆಗೆ ಹಿಂದೊಂದು, ಮುಂದೊಂದು ತುದಿ ಇದೆ. ಹಿಂದಿನದು ಮೊದಲು. 1940ರ ಸುಮಾರಿಗೆ ಪೂಲ್ ಹುಟ್ಟಿದ್ದು ಯಾಕೆ? ಎರಡನೇ ಮಹಾಯುದ್ಧ. ಯುರೋಪಿನ ಮಾರುಕಟ್ಟೆ ಮುಚ್ಚಿತು. ಕಾಫಿ ಕೊಳ್ಳುವವರಿಲ್ಲ. ಆಗ ಸರ್ಕಾರದ ಪೂಲ್ ಬೆಳೆಗಾರನ ಜೀವ ಉಳಿಸಿತು. ಯುದ್ಧ ಮುಗಿದು ಐವತ್ತು ವರ್ಷವಾದರೂ ಅದು ಹೋಗಲಿಲ್ಲ, ಅದು ಬೇರೆ ಮಾತು. ಮುಂದಿನ ತುದಿ ನಮಗೆಲ್ಲ ಗೊತ್ತು. 1999ರ ನಂತರ ಬೆಲೆ ಬಿತ್ತು. ವಿಯೆಟ್ನಾಂನಿಂದ ರೋಬಸ್ಟಾ ಹೊಳೆಯಂತೆ ಹರಿದು ಬಂತು. ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣು ಗಿಡದಲ್ಲೇ ಬಿಟ್ಟವರಿದ್ದರು. ಆಗ ನಾವೇನು ಮಾಡಿದೆವು? ಸ್ವತಂತ್ರ ಮಾರುಕಟ್ಟೆ, ಏರುತ್ತೆ, ಇಳಿಯುತ್ತೆ ಅಂತ ಸುಮ್ನೆ ಕೂತೆವಾ? ಇಲ್ಲ. ದೆಹಲಿಗೆ ರೈಲು ಹತ್ತಿದೆವು. 2002ರಲ್ಲಿ ವಿಶೇಷ ಕಾಫಿ ಸಾಲ ಬಂತು. 2010ರಲ್ಲಿ ಸಾಲ ಪರಿಹಾರದ ಪ್ಯಾಕೇಜ್ ಬಂತು. ಎರಡನ್ನೂ ತೆಗೆದುಕೊಂಡೆವು. ನಮ್ಮ ಮನೆಯಲ್ಲೂ ತೆಗೆದುಕೊಂಡೆವು.

ಇದನ್ನು ಇಬ್ಬಂದಿತನ ಅಂತ ನಕ್ಕುಬಿಡುವುದು ಸುಲಭ. ನಾನೂ ಬಹಳ ದಿನ ನಕ್ಕಿದ್ದೇನೆ. ಈಗ ನನಗೆ ಹಾಗನ್ನಿಸುವುದಿಲ್ಲ. ಬೆಳೆಗಾರನಿಗೆ ಸರ್ಕಾರದ ಮೇಲೆ ಸಿಟ್ಟಿದೆ, ನಿಜ. ಆದರೆ ಅವನು ಹೆದರುವುದು ಸರ್ಕಾರ ಒಂದಕ್ಕೇ ಅಲ್ಲ. ಬೆಲೆ ಇದೆ, ಮಳೆ ಇದೆ, ಕಾಂಡಕೊರಕ ಇದೆ, ಬಡ್ಡಿ ಸಾಹುಕಾರ ಇದ್ದಾನೆ. ಇವರೆಲ್ಲರ ಪೈಕಿ ಅರ್ಜಿ ಕೊಡಬಹುದಾದದ್ದು ಸರ್ಕಾರಕ್ಕೆ ಮಾತ್ರ. ಬೇರೆ ಯಾರ ಬಾಗಿಲಿಗೆ ಹೋಗಿ ಧರಣಿ ಕೂರೋಣ ಹೇಳಿ? ಐದು ವರ್ಷಕ್ಕೊಮ್ಮೆ ಬದಲಾಯಿಸಲು ಬರುವ ಧಣಿ ಅದೊಂದೇ. ಲಿಬರ್ಟೇರಿಯನ್ನರು ಬಂದು, ಆ ಒಬ್ಬ ಧಣಿಯನ್ನು ತೆಗೆಯುತ್ತೇವೆ ಅನ್ನುತ್ತಾರೆ. ಉಳಿದ ಧಣಿಗಳ ವಿಷಯ ಕೇಳಿದರೆ ಮಾರುಕಟ್ಟೆ ನೋಡಿಕೊಳ್ಳುತ್ತದೆ ಅನ್ನುತ್ತಾರೆ. ಮತ ಬೀಳದೆ ಇರುವುದಕ್ಕೆ ನನ್ನ ಪ್ರಕಾರ ಮೂಲ ಕಾರಣ ಇದು.

ಆನೆ ಉದಾಹರಣೆ ತೆಗೆದುಕೊಳ್ಳಿ. ಸಕಲೇಶಪುರ, ಆಲೂರು, ಬೇಲೂರಿನವರು ಇಲ್ಲಿ ಇದ್ದೀರಿ. ಅರಣ್ಯ ಇಲಾಖೆ ಅಂದರೆ ನಮಗೆ ಮೈ ಉರಿಯುತ್ತದೆ. ಸರ್ವೆ, ಒತ್ತುವರಿ ನೋಟಿಸು, ಕಾಡು ಅಂತಲೇ ಲೆಕ್ಕಕ್ಕೆ ಹಿಡಿಯುವ ಡೀಮ್ಡ್ ಫಾರೆಸ್ಟು. ಸಭೆ ಮಾಡಿದರೆ ಮೊದಲ ಅರ್ಧ ಗಂಟೆ ಇಲಾಖೆ ನಮ್ಮ ತಂಟೆಗೆ ಬರಬಾರದು ಅಂತ ಭಾಷಣ. ಅಷ್ಟರಲ್ಲಿ ಯಾರದ್ದೋ ಮೊಬೈಲಿಗೆ ಮೆಸೇಜು ಬರುತ್ತದೆ, ತೋಟಕ್ಕೆ ಆನೆ ಬಂದಿದೆ ಅಂತ. ಉಳಿದರ್ಧ ಗಂಟೆ ಇಲಾಖೆಯವರು ಎಲ್ಲಿ ಸತ್ತರು ಅಂತ ಭಾಷಣ. ಆನೆಗೆ ಖಾಸಗಿ ಆಸ್ತಿಯ ಬೇಲಿ ಓದಲು ಬರುವುದಿಲ್ಲ. ನನ್ನ ಬೇಲಿಗೆ ನಾನು ಕರೆಂಟು ಹಾಕಿಕೊಂಡರೆ ಅದು ಪಕ್ಕದವನ ಗದ್ದೆಗೆ ಹೋಗುತ್ತದೆ. ಒಬ್ಬೊಬ್ಬರೇ ಕಾಸು ಕೊಟ್ಟು ಬಗೆಹರಿಸುವ ವಿಷಯವೇ ಅಲ್ಲ ಅದು.

ಮೆಣಸಿನ ಕಥೆ ಇನ್ನೂ ಮಜಾ. ನಮಗೆ ರಫ್ತು ಮಾಡಲು ಪೂರ್ತಿ ಸ್ವಾತಂತ್ರ್ಯ ಬೇಕು. ವಿಯೆಟ್ನಾಂ ಮೆಣಸು ಇಲ್ಲಿಗೆ ಬರಲು ಮಾತ್ರ ಬಿಡಬಾರದು. ಬೆಳೆಗಾರರ ಒತ್ತಾಯಕ್ಕೆ 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಮೆಣಸಿಗೆ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಗೊತ್ತು ಮಾಡಿತು, ಅಂದರೆ ಅದಕ್ಕಿಂತ ಅಗ್ಗದ ಮೆಣಸು ಹೊರಗಿಂದ ತರಿಸುವಂತಿಲ್ಲ. ಅಡಿಕೆಗೆ 2023ರಲ್ಲಿ 351 ರೂಪಾಯಿ ಮಾಡಿದರು. ಸುಮ್ನೆ ಒಂದು ಲೆಕ್ಕ ಹಾಕೋಣ. ಇಂಥ ತಡೆಯಿಂದ ಮೆಣಸು ಕೆಜಿಗೆ ನೂರು ರೂಪಾಯಿ ಜಾಸ್ತಿ ಆಯಿತು ಅಂದುಕೊಳ್ಳಿ. ಹತ್ತು ಕ್ವಿಂಟಾಲ್ ಮೆಣಸು ಇರುವವನಿಗೆ ಒಂದು ಲಕ್ಷ ಬಂತು. ಹಾಸನದ ಪೇಟೆಯಲ್ಲಿರುವ ಅಕ್ಕ ವರ್ಷಕ್ಕೆ ಸಾರಿನ ಪುಡಿಗೆ, ಕಷಾಯಕ್ಕೆ ಅರ್ಧ ಕೆಜಿ ಬಳಸುತ್ತಾರೆ. ಅವರಿಗೆ ಐವತ್ತು ರೂಪಾಯಿ ಹೋಯಿತು. ಒಂದು ಲಕ್ಷಕ್ಕೆ ನಾನು ದೆಹಲಿಗೆ ಹೋಗುತ್ತೇನೆ. ಐವತ್ತು ರೂಪಾಯಿಗೆ ಆ ಅಕ್ಕ ಡಿಸಿ ಆಫೀಸಿಗೂ ಹೋಗುವುದಿಲ್ಲ, ಆಟೋ ಚಾರ್ಜೇ ಅಷ್ಟಾಗುತ್ತದೆ. ಇದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಮನ್ಸರ್ ಓಲ್ಸನ್ 1965ರಲ್ಲೇ ವಿವರಿಸಿದ್ದರು. ಲಾಭ ಕೆಲವರಿಗೆ ದಪ್ಪವಾಗಿ ಬಂದರೆ ಅವರು ಸಂಘ ಕಟ್ಟುತ್ತಾರೆ. ನಷ್ಟ ಎಲ್ಲರಿಗೂ ತೆಳ್ಳಗೆ ಹಂಚಿಹೋದರೆ ಯಾರೂ ಏಳುವುದಿಲ್ಲ. ಲಿಬರ್ಟೇರಿಯನ್ ಪಕ್ಷ ಮತ ಕೇಳುವುದು ಆ ಐವತ್ತು ರೂಪಾಯಿ ಕಳೆದುಕೊಂಡವರ ಹತ್ತಿರ. ಅವರಿಗೋ ಕಳೆದುಕೊಂಡದ್ದೇ ಗೊತ್ತಿಲ್ಲ.

ಮೆಣಸಿನ ಆಮದು ನಿಲ್ಲಿಸಿ ಅಂತ ನಮ್ಮ ಕಡೆ ಮನವಿ ಪತ್ರ ತಿರುಗಿದಾಗ ನಾನೂ ಸಹಿ ಹಾಕಿದೆ. ಸ್ವಾತಂತ್ರ್ಯದ ಬಗ್ಗೆ ಭಾಷಣ ಮಾಡುವ ನಾನು.

ಹಾಲಿನದ್ದೂ ಅದೇ. 2023ರ ಏಪ್ರಿಲ್ ನೆನಪಿದೆಯಲ್ಲ, ಅಮುಲ್ ಬೆಂಗಳೂರಿಗೆ ಬರುತ್ತದೆ ಅಂದಾಗ ಎದ್ದ ಗಲಾಟೆ? ಪುಸ್ತಕದ ಪ್ರಕಾರ ಕೊಳ್ಳುವವರಿಗೆ ಇನ್ನೊಂದು ಆಯ್ಕೆ ಸಿಕ್ಕಿತು, ಖುಷಿ ಪಡಬೇಕಿತ್ತು. ಜನ ನಂದಿನಿ ಉಳಿಸಿ ಅಂದರು. ಹಾಲು ಕೊಳ್ಳುವ ಎಷ್ಟೋ ಮನೆಗಳ ಊರಿನಲ್ಲಿ ಹಾಲು ಹಾಕುವ ಒಬ್ಬ ಚಿಕ್ಕಮ್ಮ ಇದ್ದಾರೆ. ಡೇರಿ ಬಟವಾಡೆಯಲ್ಲಿ ಅವರ ಮನೆ ನಡೆಯುತ್ತದೆ. ಆಯ್ಕೆಗಿಂತ ಆ ಚಿಕ್ಕಮ್ಮ ದೊಡ್ಡವರು.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ನಿಧಾನವಾಗಿ ಹೇಳಬೇಕು. 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂ ಸುಧಾರಣೆ ಜಾರಿಗೆ ಬಂತು. ಉಳುವವನೇ ಹೊಲದೊಡೆಯ. ಗೇಣಿಗೆ ಮಾಡುತ್ತಿದ್ದವರು ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದರು. ಎಷ್ಟೋ ಕಡೆ ಒಡೆಯರ ಗದ್ದೆ ಒಕ್ಕಲುಗಳ ಹೆಸರಿಗೆ ಬಂತು. ಕಾಫಿ ತೋಟಗಳಿಗೆ ಆ ಕಾಯ್ದೆಯಲ್ಲಿ ವಿನಾಯಿತಿ ಇತ್ತು. ಹಾಗಾಗಿ ನಮ್ಮ ಕಡೆ ಗೇಣಿ ಗದ್ದೆ ಹೋಯಿತು, ತೋಟ ಉಳಿಯಿತು. ಗದ್ದೆ ಕಳೆದುಕೊಂಡ ಮನೆಯ ಮೊಮ್ಮಗ ಇವತ್ತು ಆಸ್ತಿಹಕ್ಕಿನ ಬಗ್ಗೆ ಭಾಷಣ ಮಾಡಿದರೆ ನನಗೆ ಅರ್ಥವಾಗುತ್ತದೆ. ಆದರೆ ಗದ್ದೆ ಸಿಕ್ಕ ಮನೆಯ ಮೊಮ್ಮಗನ ಕಿವಿಗೆ ಆ ಭಾಷಣ ಹೇಗೆ ಕೇಳಿಸುತ್ತದೆ? ಅವನ ಅಜ್ಜನನ್ನು ಬಿಟ್ಟಿ ದುಡಿಮೆಗೆ ಕರೆಯುತ್ತಿದ್ದದ್ದು ಸರ್ಕಾರ ಅಲ್ಲ. ಹೊಟೇಲಿನಲ್ಲಿ ಬೇರೆ ಲೋಟ ಇಟ್ಟದ್ದು ಸರ್ಕಾರ ಅಲ್ಲ. ಬಾವಿಯಿಂದ ದೂರ ನಿಲ್ಲಿಸಿದ್ದು ಸರ್ಕಾರ ಅಲ್ಲ. ಅದನ್ನೆಲ್ಲ ಮಾಡಿದ್ದು ಊರು. ಊರಿನ ಹಿಡಿತದಿಂದ ಬಿಡಿಸಲು ಬಂದದ್ದು ಕಾನೂನು, ಹಾಸ್ಟೆಲು, ಮೀಸಲಾತಿ, ನ್ಯಾಯಬೆಲೆ ಅಂಗಡಿ. ಅವನಿಗೆ ಸರ್ಕಾರ ಕುಗ್ಗಬೇಕು ಅಂತ ಹೇಳಿದರೆ, ಊರು ಹಿಗ್ಗಬೇಕು ಅಂತ ಕೇಳಿಸುತ್ತದೆ.

ಒಂದು ತಮಾಷೆ ಇದೆ ನೋಡಿ. ಅದೇ 1974ರಲ್ಲಿ ಅಮೆರಿಕದಲ್ಲಿ ರಾಬರ್ಟ್ ನೊಜಿಕ್ ಅನ್ನುವವರು ಲಿಬರ್ಟೇರಿಯನ್ ವಿಚಾರಕ್ಕೆ ಗಟ್ಟಿ ತಳಪಾಯ ಹಾಕಿದರು. ಆಸ್ತಿ ನ್ಯಾಯವಾಗಿ ಕೈಗೆ ಬಂದಿದ್ದರೆ ಯಾರೂ ಮುಟ್ಟುವಂತಿಲ್ಲ ಅಂದರು. ಜೊತೆಗೇ, ಹಿಂದೆ ಅನ್ಯಾಯವಾಗಿ ಬಂದಿದ್ದರೆ ಸರಿಪಡಿಸಬೇಕು ಅಂತಲೂ ಅಂದರು. ಆ ಎರಡನೇ ಮಾತನ್ನು ಗಟ್ಟಿಯಾಗಿ ಹೇಳಿ ಮತ ಕೇಳಿದ ಪಕ್ಷ ನಾನು ಕಂಡಿಲ್ಲ. ನಮ್ಮ ಸ್ವತಂತ್ರ ಪಕ್ಷದ ವೇದಿಕೆಯ ಮೇಲೆ ಮಹಾರಾಜರು, ಮಹಾರಾಣಿಯರು, ಜಮೀನ್ದಾರರು ಕೂತಿದ್ದರು. ಜೈಪುರದ ಗಾಯತ್ರಿ ದೇವಿಯವರು 1962ರಲ್ಲಿ ಭಾರೀ ಅಂತರದಲ್ಲಿ ಗೆದ್ದರು, ನಿಜ. ಆ ಮತ ಸ್ವತಂತ್ರ ಮಾರುಕಟ್ಟೆಗೆ ಬಿತ್ತಾ, ಅರಮನೆಗೆ ಬಿತ್ತಾ?

ಅಮೆರಿಕದಲ್ಲೂ ಇಂಥದ್ದೇ ಒಂದು ಗಾಯ ಇದೆ. 1964ರಲ್ಲಿ ಕರಿಯರಿಗೆ ಹೊಟೇಲು, ಅಂಗಡಿಗಳಲ್ಲಿ ಸಮಾನವಾಗಿ ಪ್ರವೇಶ ಕೊಡುವ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ರಿಪಬ್ಲಿಕನ್ ಪಕ್ಷದ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ಅದರ ವಿರುದ್ಧ ಮತ ಹಾಕಿದರು. ಅವರ ವಾದ, ಖಾಸಗಿ ಅಂಗಡಿಯೊಳಗೆ ಕೇಂದ್ರ ಸರ್ಕಾರ ಕೈ ಹಾಕಬಾರದು ಅಂತ. ಅದೇ ವರ್ಷ ಅಧ್ಯಕ್ಷ ಚುನಾವಣೆಗೆ ನಿಂತು 50ರಲ್ಲಿ 6 ರಾಜ್ಯ ಗೆದ್ದರು. ಒಂದು ಅವರದೇ ಅರಿಜೋನಾ. ಉಳಿದ ಐದೂ ಕರಿಯರನ್ನು ಹೊರಗಿಟ್ಟಿದ್ದ ದಕ್ಷಿಣದ ರಾಜ್ಯಗಳು. ತತ್ವ ಹೇಳಿದವರು ಒಬ್ಬರು, ಅದನ್ನು ಎತ್ತಿಕೊಂಡು ಕುಣಿದವರು ಯಾರೋ.

ಲಿಬರ್ಟೇರಿಯನ್ನರ ಇನ್ನೊಂದು ಕಷ್ಟ, ಅವರು ನಡುದಾರಿಯಲ್ಲಿ ನಿಲ್ಲುವುದಿಲ್ಲ. ತರ್ಕ ಎಲ್ಲಿಗೆ ಕರೆದುಕೊಂಡು ಹೋಗುತ್ತದೋ ಅಲ್ಲಿಗೇ ಹೋಗುತ್ತಾರೆ. 2016ರಲ್ಲಿ ಅವರ ಪಕ್ಷದ ಅಭ್ಯರ್ಥಿಗಳ ಚರ್ಚೆಯಲ್ಲಿ ಡ್ರೈವಿಂಗ್ ಲೈಸೆನ್ಸ್ ಬೇಕಾ ಅನ್ನುವ ಪ್ರಶ್ನೆ ಬಂತು. ಗಾಡಿ ಓಡಿಸುವವನಿಗೆ ಒಂದಿಷ್ಟಾದರೂ ಓಡಿಸಲು ಬರಬೇಕಲ್ವಾ ಅನ್ನುವ ಅರ್ಥದಲ್ಲಿ ಗ್ಯಾರಿ ಜಾನ್ಸನ್ ಉತ್ತರಿಸಿದರು. ಸಭೆ ಅವರನ್ನೇ ಕೂಗಿ ಕೂರಿಸಿತು! ಅವರದೇ ಪಕ್ಷದ ಸಭೆ! ಇಲ್ಲಿ ಶಿರಾಡಿ ಘಾಟಿಯಲ್ಲಿ, ಮಳೆಗಾಲದ ರಾತ್ರಿ, ಎದುರಿಗೆ ಟ್ಯಾಂಕರ್ ಬರುವಾಗ ನಿಮಗೇನನ್ನಿಸುತ್ತದೆ? ಆ ಡ್ರೈವರ್‌ಗೆ ಲೈಸೆನ್ಸ್ ಇರಲಪ್ಪಾ ಅಂತ ಮಂಜುನಾಥನಿಗೆ ಹರಕೆ ಹೊರುತ್ತೀರಿ. ಲೈಸೆನ್ಸ್ ಕೊಡುವವರು ಸರಿಯಾಗಿ ಪರೀಕ್ಷೆ ಮಾಡಿದರೋ ಇಲ್ಲವೋ ಅನ್ನುವ ಅನುಮಾನವೂ ಜೊತೆಗೇ ಇರುತ್ತದೆ. ಸಾಮಾನ್ಯ ಮತದಾರ ಇರುವುದು ಅಲ್ಲಿ. ಸರ್ಕಾರ ತೊಲಗಲಿ ಅನ್ನುವುದಿಲ್ಲ, ಇದ್ದದ್ದು ನೆಟ್ಟಗೆ ಕೆಲಸ ಮಾಡಲಿ ಅನ್ನುತ್ತಾನೆ.

ಗ್ಯಾರಂಟಿಗಳ ಬಗ್ಗೆ ಕೇಳದೆ ನೀವು ಬಿಡುವುದಿಲ್ಲ. ಬಿಟ್ಟಿ ಕೊಟ್ಟು ಜನರನ್ನು ಕೆಡಿಸಿದರು, ಅದಕ್ಕೇ ಸ್ವಾತಂತ್ರ್ಯದ ಮಾತು ಯಾರಿಗೂ ರುಚಿಸುವುದಿಲ್ಲ ಅಂತ ಒಂದು ವಾದ ಇದೆ. ನಾನು ಒಪ್ಪುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ನಮ್ಮ ತೋಟದ ಕೂಲಿ ಲೈನಿನ ಮನೆಯಲ್ಲಿರುವ ಒಬ್ಬಾಕೆ ಮದುವೆಯಾದ ಮೇಲೆ ಮೊದಲ ಸಲ ಒಬ್ಬಳೇ ತವರಿಗೆ ಹೋಗಿ ಬಂದಳು. ಗಂಡನ ಹತ್ತಿರ ಕಾಸು ಕೇಳಲಿಲ್ಲ, ಅಷ್ಟೇ ಅಲ್ಲ, ಹೇಳಲೂ ಇಲ್ಲವಂತೆ. ಅದಕ್ಕೆ ತೆರಿಗೆ ಕಟ್ಟಿದವರು ಯಾರು ಅನ್ನುವುದು ನ್ಯಾಯವಾದ ಪ್ರಶ್ನೆ, ನಾನೇ ಕೇಳುತ್ತೇನೆ. ಆದರೆ ಅವಳ ಕೈಗೆ ಸಿಕ್ಕ ಸ್ವಾತಂತ್ರ್ಯ ಆ ಟಿಕೆಟ್ಟಿನಲ್ಲಿತ್ತು.

ಚುನಾವಣೆಯ ವ್ಯವಸ್ಥೆಯೂ ಅವರಿಗೆ ಅನುಕೂಲ ಇಲ್ಲ. ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ನಮ್ಮಲ್ಲೂ ಅಮೆರಿಕದಲ್ಲೂ ಜಾಸ್ತಿ ಮತ ಬಂದವನೇ ಗೆದ್ದ. ಎಲ್ಲ ಊರಿನಲ್ಲೂ ಐದೈದು ಮನೆ ಒಲವಿದ್ದರೆ ಏನೂ ಪ್ರಯೋಜನ ಇಲ್ಲ. ಜಾತಿಗೆ ಒಂದು ಹೋಬಳಿ ಇರುತ್ತದೆ, ವಿಚಾರಕ್ಕೆ ಇರುವುದಿಲ್ಲ. ಜರ್ಮನಿಯಲ್ಲಿ ಮತದ ಪಾಲಿನಷ್ಟು ಸೀಟು ಕೊಡುತ್ತಾರೆ. ಅಲ್ಲಿ ಎಫ್‌ಡಿಪಿ ಅನ್ನುವ ಪಕ್ಷ ಈ ವಿಚಾರದ ಸೌಮ್ಯ ರೂಪ. 2009ರಲ್ಲಿ ನೂರಕ್ಕೆ 14.6 ತೆಗೆದುಕೊಂಡಿತು. 2025ರಲ್ಲಿ 4.3ಕ್ಕೆ ಬಿದ್ದು, ಶೇಕಡಾ 5ರ ಹೊಸ್ತಿಲು ದಾಟಲಾಗದೆ ಸಂಸತ್ತಿನಿಂದಲೇ ಹೊರಗೆ ಹೋಯಿತು. ನಮ್ಮ ಕಾನೂನಿನ ಒಂದು ಸಂಗತಿಯೂ ಇದೆ. 1989ರಿಂದ, ಪಕ್ಷ ನೋಂದಣಿ ಮಾಡಿಸಬೇಕಾದರೆ ಸಮಾಜವಾದಕ್ಕೆ ನಿಷ್ಠೆ ಇದೆ ಅಂತ ಬರೆದುಕೊಡಬೇಕು. ರಾಜಾಜಿ ಇವತ್ತು ಇದ್ದಿದ್ದರೆ ಅರ್ಜಿಯ ಮೊದಲ ಪುಟದಲ್ಲೇ ಸುಳ್ಳು ಹೇಳಬೇಕಿತ್ತು.

ಶರದ್ ಜೋಶಿಯವರನ್ನು ಬಿಡಬಾರದು. ಮಹಾರಾಷ್ಟ್ರದಲ್ಲಿ ಈರುಳ್ಳಿ ಬೆಳೆಗಾರರನ್ನು ಸೇರಿಸಿ ರಸ್ತೆ ತುಂಬಿಸಿದವರು. ರೈತನಿಗೆ ಸಬ್ಸಿಡಿ ಬೇಡ, ಮಾರುವ ಸ್ವಾತಂತ್ರ್ಯ ಕೊಡಿ ಅಂದರು. 1994ರಲ್ಲಿ ಸ್ವತಂತ್ರ ಭಾರತ ಪಕ್ಷ ಕಟ್ಟಿದರು. ರಸ್ತೆ ತುಂಬಿದ ಜನ ಮತಗಟ್ಟೆಗೆ ಬರಲಿಲ್ಲ. ಇಲ್ಲಿ ನಮ್ಮ ರೈತ ಸಂಘದ ಪ್ರೊಫೆಸರ್ ನಂಜುಂಡಸ್ವಾಮಿಯವರು ಸರಿಯಾಗಿ ಅದಕ್ಕೆ ತಿರುಗಾ ಮುರುಗಾ ಮಾತಾಡಿದರು. ವಿಶ್ವ ವ್ಯಾಪಾರ ಒಪ್ಪಂದದ ಡಂಕೆಲ್ ಪ್ರಸ್ತಾವ ಬೇಡ, ವಿದೇಶಿ ಕಂಪನಿ ಬೇಡ ಅಂದರು. ಹಸಿರು ಶಾಲಿನ ಜನ ಸಾಗರದಂತೆ ಸೇರಿದರು. ಅವರಿಗೂ ಮತ ಅಷ್ಟಾಗಿ ಬೀಳಲಿಲ್ಲ. ಹಾಗಾಗಿ ಮತ ಬೀಳದ ತಪ್ಪನ್ನೆಲ್ಲ ಲಿಬರ್ಟೇರಿಯನ್ ವಿಚಾರದ ತಲೆಗೇ ಕಟ್ಟುವುದು ಸರಿಯಲ್ಲ. ನನ್ನ ವಾದಕ್ಕೆ ಇದು ಸ್ವಲ್ಪ ತೊಡಕು, ಇರಲಿ.

ಹಾಗಾದರೆ ಅರ್ಜೆಂಟೀನಾ? ಅಲ್ಲಿ 2023ರ ನವೆಂಬರಿನಲ್ಲಿ ಹಾವಿಯೆರ್ ಮಿಲೆ ಗರಗಸ ಹಿಡಿದು ಸರ್ಕಾರ ಕತ್ತರಿಸುತ್ತೇನೆ ಅಂತ ಹೇಳಿ ನೂರಕ್ಕೆ 55ಕ್ಕಿಂತ ಜಾಸ್ತಿ ಮತದಿಂದ ಅಧ್ಯಕ್ಷರಾದರು. ಆ ವರ್ಷದ ಕೊನೆಗೆ ಅಲ್ಲಿ ಹಣದುಬ್ಬರ ಶೇಕಡಾ 200 ದಾಟಿತ್ತು. ಬೆಳಿಗ್ಗೆಯ ಸಂಬಳ ಸಂಜೆಗೆ ಸವೆಯುವ ಸ್ಥಿತಿ. ಅಲ್ಲಿ ಸರ್ಕಾರದ ನೋಟು ಛಾಪಿಸುವ ಯಂತ್ರವೇ ಪ್ರತಿ ಮನೆಗೂ ನುಗ್ಗಿತ್ತು. ಆನೆ, ಸಾಹುಕಾರ, ಬೆಲೆ ಎಲ್ಲವನ್ನೂ ಮೀರಿಸಿ ಸರ್ಕಾರವೇ ಹತ್ತಿರದ ಭಯವಾದರೆ ಜನ ಇದಕ್ಕೂ ಮತ ಹಾಕುತ್ತಾರೆ.

67ರಲ್ಲಿ ಹಾಸನದಲ್ಲಿ ಆದದ್ದೂ ಅಂಥದ್ದೇ ಇರಬಹುದು. ನಮ್ಮ ದೊಡ್ಡಪ್ಪ ಒಬ್ಬರು ಇಲ್ಲೇ ಹಾಸನದ ಪಕ್ಕದ ಹಳ್ಳಿಯವರು. ಎಂಬತ್ತು ದಾಟಿದೆ. ಈ ಭಾಷಣಕ್ಕೆ ತಯಾರಿ ಮಾಡಿಕೊಳ್ಳುವಾಗ ಅವರ ಮನೆಗೆ ಹೋಗಿ ಕೇಳಿದೆ. "ದೊಡ್ಡಪ್ಪ, ಅರವತ್ತೇಳರಲ್ಲಿ ನೀವು ನಕ್ಷತ್ರಕ್ಕೆ ಒತ್ತಿದ್ರಾ?"

"ಒತ್ತಿದ್ದೆ."

"ಯಾಕೆ? ರಾಜಾಜಿ ವಿಚಾರ ಇಷ್ಟ ಆಗಿತ್ತಾ?"

"ರಾಜಾಜಿ ಏನು ಹೇಳಿದ್ರೋ ನಂಗೇನು ಗೊತ್ತಪ್ಪ. ಸರ್ಕಾರದೋರು ಲೆವಿ ಅಂತ ಭತ್ತ ಅಳ್ಕೊಂಡು ಹೋಗೋಕೆ ಬರ್ತಿದ್ರಲ್ಲ, ಆ ಸಿಟ್ಟಿತ್ತು. ಮಳೆ ಬೇರೆ ಇಲ್ಲ. ಪಣತದಲ್ಲಿ ಇದ್ದಿದ್ದೇ ನಾಕು ಪಲ್ಲ."

"ಮತ್ತೆ ಎಪ್ಪತ್ತೊಂದರಲ್ಲಿ?"

"ಇಂದಿರಮ್ಮಂಗೆ."

ನಡುವೆ ಏನಾಗಿತ್ತು ಅಂದರೆ, 1969ರ ಜುಲೈನಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣ. ಸ್ವತಂತ್ರ ಪಕ್ಷ ಅದನ್ನು ಬಲವಾಗಿ ವಿರೋಧಿಸಿತು. 1970ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಆ ಕಾಯ್ದೆಯನ್ನು ತಳ್ಳಿಯೂ ಹಾಕಿತು. ಸರ್ಕಾರ ಹೊಸ ಕಾಯ್ದೆ ತಂದಿತು. ಕೋರ್ಟಿನಲ್ಲಿ ವಾದ ಗೆದ್ದವರು ಮರುವರ್ಷ ಮತಗಟ್ಟೆಯಲ್ಲಿ ಸೋತರು. ದೊಡ್ಡಪ್ಪನಿಗೆ ಇದ್ಯಾವುದೂ ತಿಳಿಯದು. ಅವರಿಗೆ ನೆನಪಿರುವುದು ಇಷ್ಟೇ. ಅದುವರೆಗೆ ಸಾಲ ಅಂದರೆ ಊರ ಸಾಹುಕಾರರ ಜಗಲಿ. ಆಮೇಲೆ ಬ್ಯಾಂಕಿನವನೊಬ್ಬ ಸೈಕಲ್ಲಿನಲ್ಲಿ ಬಂದು, ಎತ್ತು ತಗೊಳ್ಳೋಕೆ ಸಾಲ ಬೇಕಾ ಅಂತ ಕೇಳಿದ.

"ಹಂಗಾದ್ರೆ ಅರವತ್ತೇಳರಲ್ಲಿ ಒತ್ತಿದ್ದು ತಪ್ಪಾಯ್ತಾ ದೊಡ್ಡಪ್ಪ?" ಅಂದೆ.

"ಯಾಕೆ ತಪ್ಪು? ಎರಡು ಸಲಾನೂ ಸರಿಯಾಗೇ ಒತ್ತಿದೀನಿ," ಅಂದರು. ಕಾಫಿ ಲೋಟ ಕೆಳಗಿಟ್ಟು, ಈ ಸಲ ಮೆಣಸಿಗೆ ರೇಟು ಎಷ್ಟಿದೆ ಅಂತ ಕೇಳಿದರು.